ಬಾಡಿಗೆಗೆ ಹೋಗುತ್ತಿದ್ದ ಸೋಫಾ

ನಮ್ಮ ಮನೆಯಲ್ಲಿ ಊಟಕ್ಕೆ ತಟ್ಟೆ ಇದೆಯೋ ಇಲ್ಲವೋ ಅನ್ನುವುದನ್ನು ಪಂಚಾಂಗ ನೋಡಿ ಹೇಳಬೇಕಿತ್ತು. ಸಾಗರ ಪೇಟೆಯ ಹಿಂದಿನ ಬೀದಿಯಲ್ಲಿ ಅಪ್ಪನದು ಮದುವೆ ಸಾಮಾನು ಬಾಡಿಗೆಗೆ ಕೊಡುವ ವ್ಯಾಪಾರ. ಊರವರ ಬಾಯಲ್ಲಿ ಅವನು ಪಾತ್ರೆ ತಿಮ್ಮಣ್ಣ. ಜಗಲಿಯೇ ಅಂಗಡಿ. ಅಲ್ಲಿ ಹಿಡಿಸದ್ದು ನಡುಮನೆಗೆ ಬರುತ್ತಿತ್ತು, ನಡುಮನೆಯಲ್ಲಿ ಹಿಡಿಸದ್ದು ನಾವು ಮಲಗುವ ಕೋಣೆಗೆ. ನಾನು ಮಗುವಾಗಿದ್ದಾಗ ಅಮ್ಮ ನನ್ನನ್ನು ಒಂದು ದೊಡ್ಡ ಕೊಪ್ಪರಿಗೆಯಲ್ಲಿ ಕೂರಿಸಿ ಕೆಲಸಕ್ಕೆ ಹೋಗುತ್ತಿದ್ದಳಂತೆ, ಹತ್ತಿ ಹೊರಗೆ ಬರೋಕೆ ಆಗುವುದಿಲ್ಲ ಅಂತ. ಸುತ್ತಲೂ ಹಂಡೆ, ಸೌಟು, ಲೋಟ ತುಂಬಿದ ಗೋಣಿಚೀಲ, ಮಡಿಚುವ ಕಬ್ಬಿಣದ ಕುರ್ಚಿ, ಸುತ್ತಿಟ್ಟ ಜಮಖಾನ. ಅಂಗಡಿ ಎಲ್ಲಿ ಮುಗಿಯತ್ತೆ, ಮನೆ ಎಲ್ಲಿ ಶುರುವಾಗತ್ತೆ ಅಂತ ಯಾರಾದರೂ ತಮಾಷೆಗೆ ಕೇಳಿದರೆ ಅಮ್ಮ ಒಲೆಯ ಕಡೆ ಕೈ ತೋರಿಸುತ್ತಿದ್ದಳು. ಒಲೆ ಮಾತ್ರ ಮನೆಯದು. ಯಾಕೆಂದರೆ ಅದು ಮಣ್ಣಿನದು, ಎತ್ತಿ ಟೆಂಪೋಗೆ ಹಾಕೋಕೆ ಬರುವುದಿಲ್ಲ.

ಮದುವೆಯ ದಿನಗಳು ಬಂದವೆಂದರೆ ಮನೆ ಬೋಳಾಗುತ್ತಿತ್ತು. ಊರವರ ಮನೆಯಲ್ಲಿ ಹೋಳಿಗೆ, ಪಾಯಸ, ಸಾಲು ಸಾಲು ತಟ್ಟೆ. ನಮ್ಮಲ್ಲಿ ಕಾಫಿ ಕುಡಿಯೋಕೆ ಲೋಟವಿಲ್ಲದೆ ನಾನೂ ಅಕ್ಕ ಲಲಿತಳೂ ಸ್ನಾನದ ಚೊಂಬಿನಲ್ಲಿ ಸರದಿಯ ಮೇಲೆ ಕುಡಿಯುತ್ತಿದ್ದೆವು. ಬಾಳೆಲೆ ಹಾಕಿ ಉಣ್ಣುತ್ತಿದ್ದೆವು. ನಾಲ್ಕು ಜನರ ಸಾರಿಗೆ ಸಣ್ಣ ಪಾತ್ರೆ ಒಂದಾದರೂ ಬಿಡಿ ಅಂತ ಅಮ್ಮ ಗೋಗರೆದರೆ, ಅಪ್ಪ ಅದನ್ನೂ ಚೀಲಕ್ಕೆ ಹಾಕುತ್ತಾ, "ಅವ್ರಿಗೆ ತುಪ್ಪ ಕಾಸೋಕೆ ಬೇಕಂತೆ ಮಾರಾಯ್ತಿ" ಅನ್ನುತ್ತಿದ್ದ. ಆಷಾಢ ಬಂತೋ, ಕಥೆ ತಿರುಗುಮುರುಗು. ಹೋದ ಸಾಮಾನೆಲ್ಲ ವಾಪಸ್ಸು. ಊರಿಗೆ ಊರೇ ಸಪ್ಪಗೆ ಕೂತಿರುವಾಗ ನಾವು ರಾಜರು. ಹಾಸಿದ ಜಮಖಾನದ ಮೇಲೆ ಇನ್ನಷ್ಟು ಜಮಖಾನ ಹಾಸಿ, ಮಂಚದಷ್ಟು ಎತ್ತರ ಮಾಡಿಕೊಂಡು ಮಲಗುತ್ತಿದ್ದೆವು. ಲಲಿತಕ್ಕ ದಿನಕ್ಕೊಂದು ಕುರ್ಚಿ ಆರಿಸಿ ಓದೋಕೆ ಕೂರುತ್ತಿದ್ದಳು. ಆ ಜಮಖಾನಗಳಲ್ಲಿ ಅಗರಬತ್ತಿ, ಸಾರು, ಯಾರದೋ ಮಗು ಚೆಲ್ಲಿದ ಹಾಲು, ಎಲ್ಲಾ ಸೇರಿದ ಒಂದು ವಾಸನೆ ಇರುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಬೇರೆಯವರ ಮದುವೆಯ ವಾಸನೆಯಲ್ಲಿ ನಿದ್ದೆ ಮಾಡಿ ಬೆಳೆದವನು ನಾನು. ಇವತ್ತಿಗೂ ಹೊಸ ಹಾಸಿಗೆಯಲ್ಲಿ ನನಗೆ ಬೇಗ ನಿದ್ದೆ ಬರುವುದಿಲ್ಲ.

ಏಳನೇ ಕ್ಲಾಸು ಮುಗಿಸಿ ನಾನು ಶಾಲೆ ಬಿಟ್ಟೆ. ದಡ್ಡ ಅಂತ ಬಿಟ್ಟಿದ್ದಲ್ಲ, ಆ ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಂಡೆ ಎತ್ತೋಕೆ ಎರಡು ಕಡೆ ಎರಡು ಜನ ಬೇಕು. ಅಪ್ಪ ಒಂದು ಕಡೆ, ಇನ್ನೊಂದು ಕಡೆಗೆ ಸಂಬಳದ ಆಳು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ನಾನು ಹಿಡಿದ ದಿನ ಅಪ್ಪ ಹಂಡೆಯನ್ನು ಟೆಂಪೋದ ಮೇಲಿಟ್ಟು ನನ್ನ ಭುಜ ಒಂದು ಸಲ ಒತ್ತಿ ನೋಡಿದ, ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ನಾನು ಕೂತು ತಿಂದದ್ದಿಲ್ಲ. ಯಾವ ಊರಿನ ಯಾವ ಮನೆಯ ಮೆಟ್ಟಿಲು ಎತ್ತರ, ಎಲ್ಲಿ ನಾಯಿ ಕಟ್ಟಿರುತ್ತಾರೆ, ಯಾರು ಕೊಪ್ಪರಿಗೆ ತೊಳೆಯದೆ ವಾಪಸ್ಸು ಕಳಿಸುತ್ತಾರೆ, ಎಲ್ಲಾ ನನಗೆ ಆಗಲೇ ಬಾಯಿಪಾಠ. ಅಪ್ಪನಿಗೆ ಕೆಲಸವೆಂದರೆ ಸಾಮಾನು ಓಡಾಡುತ್ತಿರಬೇಕು. ಸುಮ್ಮನೆ ಕೂತ ಒಂದು ಕುರ್ಚಿ ಕಂಡರೆ ಅವನಿಗೆ ಸಂಕಟವಾಗುತ್ತಿತ್ತು, ಕರು ಹಾಲು ಕುಡಿಯದಿದ್ದರೆ ದನ ಸಾಕಿದವರಿಗೆ ಆಗುತ್ತದಲ್ಲ, ಹಾಗೆ.

ಅಂಥ ಮನೆಗೆ ಅಮ್ಮ ಒಂದು ಸೋಫಾ ತಂದಳು.

ಆಗ ಪೇಟೆಯಲ್ಲಿ ಒಬ್ಬೊಬ್ಬರ ಮನೆಗೂ ಒಂದೊಂದು ಸಾಮಾನು ಬರುತ್ತಿದ್ದ ಕಾಲ. ಟೀವಿ ಬಂತು, ಗಾಜಿನ ಬಾಗಿಲಿನ ಶೋಕೇಸು ಬಂತು, ಶೋಕೇಸಿನ ಒಳಗೆ ಯಾರೂ ಕುಡಿಯದ ಪಿಂಗಾಣಿ ಕಪ್ಪು ಬಂತು. ಅಮ್ಮ ಹಪ್ಪಳ ಮಾಡುವುದರಲ್ಲಿ ಎತ್ತಿದ ಕೈ. ಮದುವೆಯ ಅಡುಗೆಯವರು ಅವಳ ಹತ್ತಿರವೇ ಕೊಳ್ಳುತ್ತಿದ್ದರು. ಹಪ್ಪಳ ಕೊಡೋಕೆ ಹೋದ ಮನೆಗಳಲ್ಲಿ ಅವಳನ್ನು "ಕೂರಿ ಸರೋಜಮ್ಮ" ಅಂತ ಸೋಫಾದ ಮೇಲೆ ಕೂರಿಸುತ್ತಿದ್ದರು. ಎದ್ದು ಬಂದ ಮೇಲೂ ಬೆನ್ನಿಗೆ ಅದರ ಮೆತ್ತೆ ಹತ್ತಿಕೊಂಡ ಹಾಗೇ ಇರುತ್ತಿತ್ತಂತೆ. ಆ ಹಪ್ಪಳದ ಸಂಪಾದನೆಯಲ್ಲೇ, ಅಪ್ಪನಿಗೆ ಒಂದು ಮಾತೂ ಹೇಳದೆ, ಬಡಗಿ ಗೋಪಾಲಾಚಾರಿಗೆ ಹೇಳಿ ಮಾಡಿಸಿದಳು. ಹಲಸಿನ ಮರ, ಕೈ ಇಡುವಲ್ಲಿ ಹೂಬಳ್ಳಿಯ ಕೆತ್ತನೆ, ಕೆಂಪು ರೆಕ್ಸಿನ್ನು. ಆಚಾರಿ ಕೈಗಾಡಿಯ ಮೇಲೆ ತಂದು ಇಳಿಸಿದಾಗ ಅಪ್ಪ ಅದನ್ನು ಒಂದು ಸುತ್ತು ನೋಡಿ,

"ಯಾರ ಮನೆಗಂತೆ ಇದು?" ಅಂತ ಕೇಳಿದ.

"ನಮ್ಮನೆಗೆ," ಅಂದಳು ಅಮ್ಮ.

"ನಮ್ಮನೆಗೆ ಅಂದ್ರೆ? ಯಾರು ಕೂರ್ತಾರೆ?"

"ನಾನು ಕೂರ್ತೀನಿ. ನಿಮ್ಗೆ ಕೂರೋಕೆ ಪುರುಸೊತ್ತಿದ್ರೆ ನೀವೂ ಕೂರಿ."

ಸಂಜೆ ಕೆಲಸ ಮುಗಿದ ಮೇಲೆ ಅಮ್ಮ ಕಾಲು ತೊಳೆದುಕೊಂಡು ಬಂದು ಅದರ ಒಂದು ತುದಿಯಲ್ಲಿ ಕೂರುತ್ತಿದ್ದಳು. ಮಾಡೋಕೆ ಏನೂ ಇಟ್ಟುಕೊಳ್ಳುತ್ತಿರಲಿಲ್ಲ. ಅಕ್ಕಿ ಆರಿಸುವುದಿಲ್ಲ, ಹೂ ಕಟ್ಟುವುದಿಲ್ಲ. ಕೈ ಎರಡೂ ಮಡಿಲಲ್ಲಿ. ಅಮ್ಮನ ಕೈ ಖಾಲಿ ಇದ್ದದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಯಾರಾದರೂ ಬಂದರೆ ಎದ್ದು ಅವರನ್ನು ಕೂರಿಸುವಳು, ಅವರು ಎದ್ದು ಹೋದ ಮೇಲೆ ಸೆರಗಿನಿಂದ ರೆಕ್ಸಿನ್ನು ಒರೆಸಿ ಮತ್ತೆ ಕೂರುವಳು. ಸುತ್ತ ಹಂಡೆ ಕೊಪ್ಪರಿಗೆ, ನಡುವೆ ಈ ಕೆಂಪು. "ಕುಂಬಾರಗುಂಡಿಯಲ್ಲಿ ದಾಸವಾಳ ಅರಳಿದ ಹಾಗಿದೆ" ಅಂತ ಲಲಿತಕ್ಕ ನಗುತ್ತಿದ್ದಳು.

ಆ ಸುಖ ಮುಂದಿನ ಮದುವೆ ದಿನಗಳು ಬರುವವರೆಗೆ. ಹೊಳೆಯಾಚೆಯ ಬ್ಯಾಕೋಡಿನಿಂದ ಒಬ್ಬರು ಭಟ್ಟರು ಮಗಳ ಮದುವೆಗೆ ಸಾಮಾನು ಕೇಳೋಕೆ ಬಂದರು. ಬಂದವರನ್ನು ಅಮ್ಮ ಎಂದಿನ ಹಾಗೆ ಸೋಫಾದ ಮೇಲೆ ಕೂರಿಸಿ ಕಾಫಿ ಕೊಟ್ಟಳು. ಅಪ್ಪ ಹಂಡೆ ತೋರಿಸಿದ, ಕುರ್ಚಿ ತೋರಿಸಿದ. ಮದುಮಕ್ಕಳು ಕೂರೋಕೆ ಅಂತ ಇದ್ದ ಬೆತ್ತದ ಜೋಡಿ ಕುರ್ಚಿ ತೋರಿಸಿದ. ಅದರ ಒಂದು ಕಾಲು ಆಗಲೇ ಅಲ್ಲಾಡುತ್ತಿತ್ತು. ಭಟ್ಟರು ಅದನ್ನು ಸರಿಯಾಗಿ ನೋಡಲೂ ಇಲ್ಲ. ತಾವು ಕೂತಲ್ಲೇ ಒಂದು ಸಲ ಮೆತ್ತಗೆ ಕುಪ್ಪಳಿಸಿ ನೋಡಿದರು.

"ಯಂಗೊಕ್ಕೆ ಬೇರೆ ಎಂತೂ ಬೇಡ ತಿಮ್ಮಣ್ಣ. ಇದೇ ಅಡ್ಡಿಲ್ಲೆ. ಚೊಲೋ ಇದ್ದು. ಇದ್ನೇ ಕಳ್ಸು," ಅಂದರು ಹವ್ಯಕ ಮಾತಿನಲ್ಲಿ, ಸೋಫಾದ ಮೆತ್ತೆ ತಟ್ಟುತ್ತಾ.

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮನ ಕೈಯಲ್ಲಿ ಖಾಲಿ ಲೋಟ. ಕಾಫಿ ಕುಡಿದು ಇನ್ನೂ ಬಾಯಿ ಒರೆಸದ ಮನುಷ್ಯನ ಎದುರು, ಅವರ ಮಗಳ ಮದುವೆಗೆ, ಇಲ್ಲ ಅನ್ನುವುದು ಹೇಗೆ? ಅವಳು ಒಳಗೆ ಹೋದಳು. ಅಪ್ಪ ಅದನ್ನೇ ಒಪ್ಪಿಗೆ ಅಂತ ತಿಳಿದ. ಅಥವಾ ಹಾಗೆ ತಿಳಿಯುವುದು ಅವನಿಗೆ ಅನುಕೂಲವಾಗಿತ್ತು.

ಈಗ ಆ ಹೊಳೆಗೆ ಸೇತುವೆಯಾಗಿದೆ, ಜನ ಗಾಡಿಯ ಕಿಟಕಿ ಕೂಡ ಇಳಿಸದೆ ದಾಟಿಬಿಡುತ್ತಾರೆ. ಆಗ ಜನರನ್ನು ದಾಟಿಸುವ ಇಂಜಿನ್ ದೋಣಿ, ಲಾಂಚೇ ಗತಿ. ನಮ್ಮ ಟೆಂಪೋ ದಡದಲ್ಲೇ ಸಾಮಾನು ಇಳಿಸಿ ವಾಪಸ್ಸಾಯಿತು. ಆಚೆ ದಡಕ್ಕೆ ಭಟ್ಟರ ಕಡೆಯವರು ಟ್ರ್ಯಾಕ್ಟರ್ ತರುವವರಿದ್ದರು. ಲಾಂಚಿನ ನಡುವೆ ಸೋಫಾ ಇಟ್ಟು, ಕಾವಲಿಗೆ ನಾನು ನಿಂತೆ. ಬಿಸಿಲು, ಸುತ್ತಲೂ ನೀರು, ಅಣೆಕಟ್ಟಿನ ನೀರಿನಲ್ಲಿ ಮುಳುಗಿ ಒಣಗಿದ ಮರದ ತುದಿಗಳು. ಜನ ಮೊದಲು ದೂರ ನಿಂತು ನೋಡಿದರು. ಆಮೇಲೆ ಆಸ್ಪತ್ರೆಗೆ ಬಂದು ಊರಿಗೆ ಮರಳುತ್ತಿದ್ದ ಒಬ್ಬಳು ಅಜ್ಜಿ, ಮದ್ದಿನ ಚೀಲ ಹಿಡಿದುಕೊಂಡು ಹತ್ತಿರ ಬಂದಳು.

"ಕೂರಬೋದನಾ ತಮಾ?"

"ಕೂರಿ ಅಜ್ಜಿ. ನಮ್ಮಮ್ಮಂದು ಇದು," ಅಂದೆ ಗತ್ತಿನಿಂದ.

ಅಜ್ಜಿ ಕಾಲು ಮೇಲೆ ಎಳೆದುಕೊಂಡು ಆರಾಮಾಗಿ ಕೂತಳು. ಲಾಂಚಿನವನು ಆ ಕಡೆಯಿಂದ, "ಅಜ್ಜಿಗೆ ಫಸ್ಟ್ ಕ್ಲಾಸ್ ಟಿಕೆಟ್ ಕೊಡ್ರೋ" ಅಂತ ಕೂಗಿದ. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕು, ಆಮೇಲೆ ನನ್ನ ಕೇಳಿದಳು:

"ಅಮ್ಮ ಎಲ್ಲಿದಾಳಾ?"

"ಮನೇಲಿ."

"ಅವ್ಳು ಈಗ ಎಂತದ್ರ ಮೇಲೆ ಕೂತಿದಾಳೆ?"

ನಾನು ಆಚೆ ದಡ ಬರುವವರೆಗೂ ನೀರು ನೋಡುತ್ತಾ ನಿಂತೆ.

ಭಟ್ಟರ ಮನೆಯ ಮದುವೆಯಲ್ಲಿ ಸೋಫಾ ಗೆದ್ದುಬಿಟ್ಟಿತು. ಮದುಮಕ್ಕಳು ಅದರ ಮೇಲೆ ಕೂತು ತೆಗೆಸಿದ ಫೋಟೋ ಊರೂರು ತಿರುಗಿತು. ಆಮೇಲೆ ಬಂದವರದೆಲ್ಲ ಒಂದೇ ಮಾತು: "ಹಂಡೆ ಹೇಗಾದ್ರೂ ಇರ್ಲಿ ತಿಮ್ಮಣ್ಣ, ಕೆಂಪು ಸೋಫಾ ಮಾತ್ರ ಬೇಕು." ಇವತ್ತಿಗೂ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರ ಮನೆಗಾದರೂ ಹೋದರೆ, ಗೋಡೆಯ ಮೇಲೆ ಬಣ್ಣ ಮಾಸಿದ ಮದುವೆ ಫೋಟೋ ಇದ್ದರೆ, ನಾನು ಮೊದಲು ಹೆಣ್ಣು ಗಂಡನ್ನು ನೋಡುವುದಿಲ್ಲ, ಕೈ ಇಡುವಲ್ಲಿನ ಹೂಬಳ್ಳಿ ಇದೆಯಾ ನೋಡುತ್ತೇನೆ. ಎಷ್ಟೋ ಕಡೆ ಇರುತ್ತದೆ. ಸೋಫಾ ಊರೆಲ್ಲ ಸುತ್ತಿ ಅಪರೂಪಕ್ಕೆ ಮನೆಗೆ ಬರುತ್ತಿತ್ತು. ಬಂದಾಗ ಅದರ ಮೇಲೆ ಅಕ್ಷತೆ ಕಾಳು, ಒಣಗಿದ ಮಲ್ಲಿಗೆ. ಅಮ್ಮ ಅದನ್ನು ಗುಡಿಸಿ ಕೂರುವಷ್ಟರಲ್ಲಿ ಟೆಂಪೋದ ಬಾಷಣ್ಣ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದ.

"ಹಪ್ಪಳ ಲಟ್ಟಿಸಿ ಲಟ್ಟಿಸಿ ಮಾಡ್ಸಿದ್ದು ನಾನು. ಕೂರೋದು ಊರು," ಅಂದಳು ಒಂದು ದಿನ ಅಪ್ಪನಿಗೆ.

"ಊರು ಕೂತ್ರೆ ಮಾತ್ರ ಸವೆಯತ್ತಾ? ನೀನು ಕೂತ್ರೂ ಸವೆಯತ್ತೆ," ಅಂದ ಅಪ್ಪ.

"ನಾನು ಕೂತು ಸವೆಸ್ಬೇಕು ಅಂತಾನೇ ಮಾಡ್ಸಿದ್ದು."

ಅಪ್ಪ ನಕ್ಕ. ಅವನಿಗೆ ಆ ಮಾತು ನಿಜವಾಗಿಯೂ ಅರ್ಥವಾಗಲಿಲ್ಲ. ಅವನು ಕೆಟ್ಟವನಲ್ಲ. ಒಂದು ಸಾಮಾನಿನ ಮೇಲೆ ಎಷ್ಟು ಜನರ ಕೈ ಬಿದ್ದರೆ ಅಷ್ಟು ಅದರ ಜನ್ಮ ಸಾರ್ಥಕ ಅಂತ ನಂಬಿದವನು. ನಾನೂ ಬಹುಪಾಲು ಹಾಗೇ ನಂಬಿದ್ದೇನೆ. ಈಗ ನನ್ನ ಗೋಡೌನಿನಲ್ಲಿ ಬಿಳಿಯ, ಬಂಗಾರದ ಬಣ್ಣದ, ಸಿಂಹಾಸನದ ಹಾಗಿರುವ ಸೋಫಾಗಳೇ ಸಾಲಾಗಿವೆ. ಜನ "ಪ್ಯಾಕೇಜ್ ಎಷ್ಟು" ಅಂತ ಫೋನಲ್ಲೇ ಕೇಳುತ್ತಾರೆ. ಸಾಮಾನು ಮುಟ್ಟಿ ನೋಡೋಕೂ ಬರುವುದಿಲ್ಲ, ಕುಪ್ಪಳಿಸಿ ನೋಡುವುದಂತೂ ದೂರದ ಮಾತು. ಅದೇ ಜನರ ಮನೆಗೆ ಮದುವೆಯ ಮಾರನೇ ದಿನ ಹೋದರೆ ಬಾಗಿಲಲ್ಲಿ ಆನ್‌ಲೈನಿನಲ್ಲಿ ತರಿಸಿದ ಡಬ್ಬಗಳು, ಅಟ್ಟದ ಮೇಲೆ ಬಿಚ್ಚದ ಮಿಕ್ಸರು, ಮೂವರು ಇರುವ ಮನೆಯಲ್ಲಿ ಮೂವತ್ತು ಜನರ ಡಿನ್ನರ್ ಸೆಟ್ಟು. ಕೊಂಡದ್ದಕ್ಕೆ ದುಡಿಯಬೇಕು, ದುಡಿದು ಬಂದರೆ ಅದರ ಮೇಲೆ ಕೂರೋಕೆ ಹೊತ್ತಿಲ್ಲ. ಅಪ್ಪ ಇದ್ದಿದ್ದರೆ ಅದೆಲ್ಲವನ್ನೂ ಒಂದೇ ಟ್ರಿಪ್ಪಿನಲ್ಲಿ ಬಾಡಿಗೆಗೆ ಕಳಿಸಿಬಿಡುತ್ತಿದ್ದ. ಆದರೆ ನನ್ನದು ಅನ್ನುವುದೊಂದು ಬೇಕು ಅಂತ ಅಮ್ಮನಿಗೆ ಅನಿಸಿದ್ದೂ ಕೊಬ್ಬಲ್ಲ. ಕಾಫಿ ಲೋಟವೂ ಬಾಡಿಗೆಗೆ ಹೋಗುವ ಆ ಮನೆಯಲ್ಲಿ ಬದುಕಿದವರಿಗೆ ಮಾತ್ರ ಅದು ಗೊತ್ತು.

ಲಲಿತಕ್ಕನನ್ನು ನೋಡೋಕೆ ಅರಳಸುರಳಿಯಿಂದ ಗಂಡಿನ ಕಡೆಯವರು ಬರುತ್ತಾರೆಂದು ನಿಕ್ಕಿಯಾಯಿತು. ಅಮ್ಮ ಕೇಳಿದ್ದು ಒಂದೇ.

"ಅವತ್ತು ಸೋಫಾ ಮನೇಲಿರ್ಬೇಕು. ಬಂದವ್ರು ಅದ್ರ ಮೇಲೆ ಕೂರ್ಬೇಕು."

"ಆಯ್ತು ಮಾರಾಯ್ತಿ, ಇರತ್ತೆ," ಅಂದ ಅಪ್ಪ.

ಅಂದದ್ದು ಮನಸಿನಿಂದಲೇ. ಆದರೆ ಅದೇ ದಿನಕ್ಕೆ ನಿಟ್ಟೂರಿನ ಒಂದು ಮದುವೆಗೆ ಆ ಸೋಫಾ ಕೊಡುತ್ತೇನೆಂದು ಅವನು ಮೊದಲೇ ಮಾತು ಕೊಟ್ಟಾಗಿತ್ತು. ನೆನಪಾದದ್ದು ಹಿಂದಿನ ದಿನ, ನಿಟ್ಟೂರಿನವರು ಬಂದು ಬಾಗಿಲಲ್ಲಿ ನಿಂತಾಗ. ಮದುವೆ ಮನೆಗೆ ಕೊಟ್ಟ ಮಾತು ತಪ್ಪಿದರೆ ಈ ವ್ಯಾಪಾರದಲ್ಲಿ ಮುಖ ಎತ್ತುವ ಹಾಗಿಲ್ಲ. ಸೋಫಾ ಹೋಯಿತು. ಅಮ್ಮ ಕೂಗಾಡಲಿಲ್ಲ, ಅದೇ ನಮಗೆಲ್ಲ ಭಯವಾದದ್ದು. ಅಪ್ಪ ಆ ಭಯಕ್ಕೆ ಬೆಳಗಾಗುತ್ತಲೇ ಎದ್ದು ನನ್ನನ್ನೂ ಎಬ್ಬಿಸಿ, ನಡುಮನೆಯ ಪಾತ್ರೆಯೆಲ್ಲ ಹೊರಗೆ ಸಾಗಿಸಿ, ಇದ್ದುದರಲ್ಲಿ ಒಳ್ಳೆಯ ಜಮಖಾನ ಹಾಸಿ, ಕುರ್ಚಿಗಳನ್ನು ಉಜ್ಜಿ ಒರೆಸಿ ಜೋಡಿಸಿದ. ಚೆನ್ನಾಗಿಯೇ ಜೋಡಿಸಿದ. ಆದರೆ ಕುರ್ಚಿ ಜೋಡಿಸುವುದೆಂದರೆ ಅವನ ಕೈಗೆ ಗೊತ್ತಿದ್ದುದು ಒಂದೇ ರೀತಿ. ಗಂಡಿನ ಕಡೆಯವರು ಒಳಗೆ ಬಂದು ನೋಡಿದರೆ, ನಡುಮನೆಯಲ್ಲಿ ಮಂಟಪದ ಮುಂದಿನ ಹಾಗೆ ಒಂದರ ಹಿಂದೊಂದು ಸಾಲು ಕುರ್ಚಿ, ಎಲ್ಲದರ ಮುಖವೂ ಅಡುಗೆಮನೆ ಬಾಗಿಲಿಗೆ!

ಬಂದವರಿಗೂ ಮದುವೆ ಮನೆಗಳ ರೂಢಿ. ಮುಂದಿನ ಸಾಲು ದೊಡ್ಡವರಿಗೆ ಅಂತ ಬಿಟ್ಟು ಎಲ್ಲರೂ ಹಿಂದೆ ಹೋಗಿ ಕೂತರು. ಹುಡುಗ ಕೊನೇ ಸಾಲಿನಲ್ಲಿ, ಒಬ್ಬ ದಪ್ಪ ಮಾವನ ಹಿಂದೆ. ಲಲಿತಕ್ಕ ಕಾಫಿ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಎಲ್ಲರೂ ಸಾಲಾಗಿ ಕೂತು ಅವಳನ್ನೇ ನೋಡುತ್ತಿದ್ದಾರೆ. ಕೊನೆಗೆ ಹುಡುಗನ ಅಪ್ಪ ಗಂಟಲು ಸರಿಮಾಡಿಕೊಂಡು,

"ತಿಮ್ಮಣ್ಣ, ಪರದೆ ಎತ್ತಿಯಾಯ್ತು. ಇನ್ನು ಆಟ ಶುರು ಮಾಡ್ಸಿ," ಅಂದರು.

ಮೊದಲು ನಕ್ಕದ್ದು ಲಲಿತಕ್ಕ. ತಟ್ಟೆಯಲ್ಲಿನ ಲೋಟಗಳು ಕಿಣಿಕಿಣಿ ಅಂದವು. ದಪ್ಪ ಮಾವನ ಹಿಂದಿನಿಂದ ಹುಡುಗ ಕತ್ತು ಚಾಚಿ ನೋಡಿ ತಾನೂ ನಕ್ಕ. ಆ ಸಂಬಂಧ ಕೂಡಿಬಂದದ್ದು ಅಲ್ಲಿಗೇ ಅಂತ ನಾನು ಹೇಳುತ್ತೇನೆ. ಜಾತಕ ನೋಡಿದ್ದೆಲ್ಲ ಆಮೇಲೆ. ಕುರ್ಚಿಗಳನ್ನು ತಿರುಗಿಸಿ ಗುಂಡಗೆ ಹಾಕಿಕೊಂಡು ಮಾತು ಮದುವೆಗೆ ಬಂದಾಗ, ಹುಡುಗನ ಅಮ್ಮ ಒಂದು ಆಸೆ ಹೇಳಿಕೊಂಡರು.

"ಬೇರೆ ಎಂತ ಬೇಡ. ನಮ್ಮ ಕಡೆ ಮದುವೆ ಫೋಟೋದಲ್ಲೆಲ್ಲ ಒಂದು ಕೆಂಪು ಸೋಫಾ ಇರತ್ತೆ, ಹೂಬಳ್ಳಿದು. ಅದು ನಿಮ್ಮ ಸಾಗರದ್ದೇ ಅಂತೆ. ಯಾರ್ದು ಅಂತ ಗೊತ್ತಾ ನಿಮ್ಗೆ?"

"ನಂದು," ಅಂದಳು ಅಮ್ಮ. ಅವರಿಗೆ ಹೇಳಿದರೂ ನೋಡಿದ್ದು ಅಪ್ಪನನ್ನು.

ಅಪ್ಪ ಜಮಖಾನದ ಅಂಚು ಸರಿಮಾಡಿದ.

ಲಲಿತಕ್ಕನ ಮದುವೆ ನಮ್ಮ ಮನೆ ಮುಂದಿನ ಬಯಲಿನಲ್ಲೇ ಆಯಿತು. ಆವತ್ತು ಹಗಲು ಒಂದು ಲೋಟ ಕೂಡ ಹೊರಗೆ ಹೋಗಲಿಲ್ಲ, ನಮ್ಮ ಸಾಮಾನೆಲ್ಲ ನಮ್ಮ ಮನೆಗೇ ಬಂದು ನಿಂತವು. ಮಂಟಪದಲ್ಲಿ ಕೆಂಪು ಸೋಫಾ. ಅಕ್ಕ ಭಾವ ಅದರ ಮೇಲೆ ಕೂತರು, ಬಂದ ನೆಂಟರೆಲ್ಲ ಸರದಿಯಲ್ಲಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅಮ್ಮ ಬೆಳಗಿನಿಂದ ಒಂದು ಕಡೆ ನಿಂತವಳಲ್ಲ. ಅಡುಗೆಯವರ ಹತ್ತಿರ, ಬಡಿಸುವವರ ಹತ್ತಿರ, ಮುನಿಸಿಕೊಂಡ ನೆಂಟರ ಹತ್ತಿರ. ಸಂಜೆ ಬಿಸಿಲು ಇಳಿಯುವಾಗ ದಿಬ್ಬಣ ಹೊರಟಿತು. ಲಲಿತಕ್ಕ ಅತ್ತಳು, ಅಮ್ಮ ಅಳಲಿಲ್ಲ, ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಎತ್ತಿಯೇ ನಿಂತಿದ್ದಳು. ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ, ಬಾಷಣ್ಣ ಟೆಂಪೋ ಹಿಂದೆ ಮಾಡಿ ಮಂಟಪದ ಹತ್ತಿರ ತಂದು ನಿಲ್ಲಿಸಿದ. ಪೇಟೆಯಲ್ಲಿ ಯಾರದೋ ಆರತಕ್ಷತೆ. ಹಗಲು ಮಗಳದು, ಸಂಜೆ ಅವರದು ಅಂತ ಅಪ್ಪ ಸೋಫಾಕ್ಕೆ ಆಗಲೇ ಒಪ್ಪಿಕೊಂಡುಬಿಟ್ಟಿದ್ದ.

ನಾನು ಹಗ್ಗ ಹಿಡಿದು ಮಂಟಪ ಹತ್ತಿದರೆ, ಸೋಫಾದ ನಡುವೆ ಅಮ್ಮ ಕೂತಿದ್ದಳು. ಕೈ ಎರಡೂ ಮಡಿಲಲ್ಲಿ. ಪಕ್ಕದಲ್ಲಿ ಅಕ್ಕನ ಜಡೆಯಿಂದ ಬಿದ್ದ ಹೂವು.

"ಅಮ್ಮ, ಸ್ವಲ್ಪ ಏಳ್ತೀಯಾ? ಟೆಂಪೋ ಬಂದಿದೆ."

"ಬರ್ಲಿ."

ಬಾಷಣ್ಣ ಹಾರ್ನ್ ಹೊಡೆದ. ಅಪ್ಪ ದುಡುದುಡು ಬಂದ, "ಎಂತ ಮಾಡ್ತಿದೀಯೋ ಇಷ್ಟೊತ್ತು, ಅಲ್ಲಿ ಹೆಣ್ಣು ಗಂಡು ನಿಂತೇ ಇರ್ತಾರೆ" ಅಂತ ನನ್ನನ್ನು ಬೈಯುತ್ತಲೇ. ಮಂಟಪದ ಮೆಟ್ಟಿಲ ಹತ್ತಿರ ಬಂದವನು ಅಮ್ಮನನ್ನು ನೋಡಿ ಅಲ್ಲೇ ನಿಂತ. ಹೆಗಲ ಮೇಲಿನ ಟವಲು ತೆಗೆದ, ಮುಖ ಒರೆಸಿಕೊಂಡ. ಅಮ್ಮ ಅವನನ್ನು ನೋಡಲಿಲ್ಲ, ಖಾಲಿಯಾದ ಬಯಲಿನ ಕಡೆ ನೋಡುತ್ತಿದ್ದಳು. ಟೆಂಪೋದ ಇಂಜಿನ್ನು ಗುಡುಗುಡು ಅನ್ನುತ್ತಲೇ ಇತ್ತು.

"ಬಾಷಾ, ಗಾಡಿ ಆಫ್ ಮಾಡು," ಅಂದ ಅಪ್ಪ.

ಸದ್ದು ನಿಂತಿತು. ಅಪ್ಪ ಟವಲನ್ನು ಮಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡ. ಸಾಮಾನು ಕೇಳೋಕೆ ಬಂದವರು ನಮ್ಮ ಜಗಲಿಯ ಕೆಳಗೆ ನಿಲ್ಲುವ ಹಾಗೆ ನಿಂತಿದ್ದ.

"ಸರೋಜಾ, ಇವತ್ತು ಸಂಜೆ ಒಂದು ಆರತಕ್ಷತೆ ಇದೆ. ಸೋಫಾ ಕೊಡ್ತೀಯಾ?"

ಅಮ್ಮ ಹೂವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಬೆನ್ನು ಹಿಂದಕ್ಕೆ ಆನಿಸಿ ಪೂರಾ ಕೂತಳು. ಬಾಷಣ್ಣ ಬೀಡಿ ಹಚ್ಚಿದ. ನಾನು ಹಗ್ಗವನ್ನು ಸುತ್ತಿ ನೆಲಕ್ಕಿಟ್ಟೆ. ಯಾರೂ ಅವಸರ ಮಾಡಲಿಲ್ಲ.

"ಯಾವ ಹೊತ್ತಿಗೆ ವಾಪಸ್ ತರ್ತೀರಿ?" ಅಂತ ಕೇಳಿದಳು ಕೊನೆಗೆ.

"ನಾಳೆ ಬೆಳಿಗ್ಗೆ, ಕಾಫಿ ಹೊತ್ತಿಗೆ."

"ಒರೆಸಿ ತರ್ಬೇಕು."

"ಒರೆಸೇ ತರ್ತೀವಿ."

ಅಮ್ಮ ಎದ್ದಳು. ನಾನು ಒಂದು ಕಡೆ ಹಿಡಿದೆ. ಇನ್ನೊಂದು ಕಡೆಯನ್ನು ಅಪ್ಪ ಹಿಡಿದ, ಎಂದೂ ಇಲ್ಲದಷ್ಟು ಮೆತ್ತಗೆ.